ಸುರೇಬಾನದ ಇರುಳು

ರಾಮದುರ್ಗದಿಂದ ನರಗುಂದದ ದಿಕ್ಕಿಗೆ ಹೊರಟರೆ ಸುರೇಬಾನವೆಂಬ ಊರು ಸಿಗುತ್ತದೆ. ಸಮೀಪದ ಶಬರಿಕೊಳ್ಳಕ್ಕೆ ಬರುವ ಭಕ್ತರು ರಾಮನ ದಾರಿ ಕಾಯ್ದ ಮುದುಕಿಯನ್ನು ನೆನೆದು ಕೈಮುಗಿಯುತ್ತಾರೆ. ಇದೇ ಊರಿನಲ್ಲಿ 1858ರ ಮೇ 29ರ ರಾತ್ರಿ ನಡೆದ ಸಂಗತಿ ಅಷ್ಟು ಸೌಮ್ಯವಾದುದಲ್ಲ.

ನರಗುಂದದ ಅರಸ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಕ್ಕಳಿಲ್ಲದವನು. ದತ್ತು ಸ್ವೀಕರಿಸಲು ಕಂಪನಿ ಸರಕಾರ ಒಪ್ಪಲಿಲ್ಲ. ಅವನೊಂದಿಗೆ ಸಂಸ್ಥಾನವೂ ಮುಗಿಯಬೇಕಾಗಿತ್ತು. ಮೇಲಾಗಿ ಆಯುಧಗಳನ್ನೂ ಒಪ್ಪಿಸಬೇಕೆಂಬ ಕಟ್ಟಳೆ. ಅದೇ ಕಟ್ಟಳೆಗಾಗಿ 1857ರಲ್ಲಿ ಹಲಗಲಿಯ ಬೇಡರು ಬಡಿದಾಡಿ ಸತ್ತಿದ್ದರು. ಕತ್ತಿಯೊಡನೆ ಮಾನವನ್ನು ಕಟ್ಟಿಕೊಂಡವರಿಗೆ ಇದೆಂಥ ಪೆಟ್ಟೆಂಬುದನ್ನು ಜಪಾನಿನ ಸಮುರಾಯಿಗಳು 1876ರಲ್ಲಿ, ಖಡ್ಗಧಾರಣೆಯನ್ನು ಅವರ ಸರಕಾರವೇ ನಿಷೇಧಿಸಿದಾಗ, ಅರಿತರು.

ಸಮುರಾಯಿಗಳ ಯೋಧಧರ್ಮಕ್ಕೆ ಬುಷಿದೊ ಎಂಬ ಹೆಸರು ಲೋಕವಿಖ್ಯಾತ. ಉಂಡ ಜೋಳದ ಋಣ ತೀರಿಸುವ ಜೋಳವಾಳಿ, ಒಡೆಯನೊಡನೆ ಮಡಿಯುವ ವೇಳೆವಾಳಿ ಎಂಬ ಮಾತುಗಳು ಕನ್ನಡದಲ್ಲಿಯೂ ಇದ್ದವು. ಹೊಯ್ಸಳ ವೀರಬಲ್ಲಾಳನು ತೀರಿಕೊಂಡ 1220ರಲ್ಲಿ ಕುವರ ಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆ, ತನ್ನ ವೀರರೊಡನೆ ಪ್ರಾಣ ನೀಗಿದನೆಂದು ಹಳೇಬೀಡಿನ ಕಂಬ ಸಾರುತ್ತದೆ.

ಸುರೇಬಾನದ ಕೃತ್ಯ ಈ ಧರ್ಮಕ್ಕೆ ಸಲ್ಲುತ್ತದೆಯೆ? ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಡನೆ ಅಲ್ಲಿ ತಂಗಿದ್ದ. ಬಾಬಾಸಾಹೇಬನ ಮಲಸೋದರನೇ ಆಗಿದ್ದ ರಾಮದುರ್ಗದ ಅರಸ, ಆ ದಾರಿ ಬೇಡವೆಂದು ಎಚ್ಚರಿಸಿದ್ದನಂತೆ. ನರಗುಂದದ ಪಡೆ ಇರುಳಿನಲ್ಲಿ ಮೇಲೆ ಬಿದ್ದಿತು. ಪಲ್ಲಕ್ಕಿಯಲ್ಲಿ ಮಲಗಿದ್ದವನು ಎಚ್ಚೆತ್ತು ಪಿಸ್ತೂಲು ಹಾರಿಸಿದ; ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಮಲಗಿದವರ ಮೇಲೆರಗಿದ ಅಶ್ವತ್ಥಾಮನನ್ನು ನಮ್ಮ ಹಿರಿಯರು ಮನ್ನಿಸಲಿಲ್ಲವೆಂಬುದು ಇಲ್ಲಿ ನೆನಪಾಗದಿರದು.

ಜಪಾನಿನಲ್ಲಿಯೂ ಇಂಥದೊಂದು ಇರುಳುಂಟು. ಒಡೆಯ ಅಸಾನೊ 1701ರಲ್ಲಿ ಆತ್ಮಾಹುತಿಯ ದಂಡನೆಗೊಳಗಾಗಿ ಸಂಸ್ಥಾನವೂ ಹೋಗಲು, ಅವನ ನಲವತ್ತೇಳು ಸಮುರಾಯಿಗಳು ಕಾದಿದ್ದು, 1703ರ ಜನವರಿಯಲ್ಲಿ ವೈರಿ ಕಿರಾನ ಮನೆಗೆ ನುಗ್ಗಿದರು. ಕೈಯಾರೆ ಸಾಯುವ ಅವಕಾಶವನ್ನು ಅವನಿಗೆ ಮೊದಲು ಕೊಟ್ಟರೆಂದು ಹೇಳುತ್ತಾರೆ. ಅವನು ಒಪ್ಪದಿರಲು ತಲೆ ಕಡಿದು ಒಡೆಯನ ಸಮಾಧಿಗೆ ಒಯ್ದರು. ಆ ಒಂದು ಅವಕಾಶದಲ್ಲಿ ಎರಡು ಇರುಳುಗಳ ನಡುವಿನ ಅಂತರವೆಲ್ಲ ಇದೆ. ಅವರು ಮಾಡಿದ್ದು ಧರ್ಮವೋ ಅಪರಾಧವೋ ಎಂದು ಅಲ್ಲಿನ ಪಂಡಿತರೂ ಬಡಿದಾಡಿಕೊಂಡರು. ಕೊನೆಗೆ ಸರಕಾರ ಅವರನ್ನು ಅಪರಾಧಿಗಳೆಂದೇ ತೀರ್ಮಾನಿಸಿ, ಯೋಧರಂತೆ ಸಾಯಗೊಟ್ಟಿತು.

ಬಾಬಾಸಾಹೇಬನಿಗೆ ಆ ಗೌರವ ದೊರೆಯಲಿಲ್ಲ. ಜೂನ್ 2ರಂದು ಕೋಟೆ ಬಿದ್ದಿತು; ಯಾತ್ರಿಕನ ವೇಷದಲ್ಲಿ ಕಾಡು ಹೊಕ್ಕವನನ್ನು ಹಿಡಿದು, 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿಯ ಮತ್ತು ಹೆಂಡತಿಯ ಶವಗಳು ಮಲಪ್ರಭೆಯಲ್ಲಿ ದೊರೆತವು.