ಹಳೆಯ ಮೋಟಾರು ಸೈಕಲ್ಲಿನ ಲಾಘವ

ವಯಸ್ಸು ಅರವತ್ತನ್ನು ಮುಟ್ಟುತ್ತಲೇ ಲೋಕದ ವಸ್ತುಗಳೆಲ್ಲವೂ ಒಂದೊಂದು ಸೇರು ಹೆಚ್ಚು ತೂಗತೊಡಗುವುವೆಂಬುದು ಹಿರಿಯ ಗೃಹಸ್ಥರೆಲ್ಲರಿಗೂ ಅನುಭವವೇದ್ಯವಾದ ವಿಷಯ. ಒಂದೇ ಕೈಯಲ್ಲಿ ಎತ್ತುತ್ತಿದ್ದ ನೀರಿನ ಕೊಡಕ್ಕೆ ಈಗ ಎರಡು ಕೈ ಬೇಕು. ಕೊಡವನ್ನಾದರೋ ಅರ್ಧ ತುಂಬಿಸಿ ಎತ್ತಬಹುದು. ಮೋಟಾರು ಸೈಕಲ್ಲನ್ನು ಅರ್ಧ ಎತ್ತುವುದೆಂತು? ನಮಗೆ ಒದಗಿದ ಪ್ರಶ್ನೆ ಇದೇ. ವಾಚಕರಲ್ಲಿ ಅನೇಕರ ಮನೆಯ ಜಗಲಿಯ ಬದಿಯಲ್ಲಿಯೂ ಇಂತಹ ಹಳೆಯ ಗಾಡಿಯೊಂದು ನಿಂತಿರಬಹುದಾದುದರಿಂದ, ನಾವು ವಿಚಾರಮಾಡಿ ಕಂಡುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮದು ಮೈಸೂರಿನಲ್ಲಿಯೇ ಹುಟ್ಟಿದ ಯೆಜ್ಡಿ. ಚೆಕೊಸ್ಲೊವಾಕಿಯ ದೇಶದ ಜಾವಾ ಗಾಡಿಯನ್ನು ಇಲ್ಲಿಯ ಕಾರ್ಖಾನೆಯು 1961ರಿಂದ ತಯಾರಿಸತೊಡಗಿ, ಮುಂದೆ ಅದನ್ನೇ ಯೆಜ್ಡಿಯೆಂಬ ಹೆಸರಿನಿಂದ ನಡೆಸಿಕೊಂಡು ಬಂದು, 1996ರಲ್ಲಿ ಬಾಗಿಲು ಮುಚ್ಚಿತು. 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್ನು, ಜೋಡಿ ಸೈಲೆನ್ಸರು, ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಲಿವರು. ತೂಕ ಸುಮಾರು 140 ಕಿಲೋಗ್ರಾಂ. ನಮ್ಮ ಓಣಿಯು ಇಳಿಜಾರಾದುದರಿಂದ ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಬೇಕು. ಮೊಣಕಾಲಿನ ನೋವು ಬಂದ ಮೇಲೆ ಈ ಕಾರ್ಯವು ದಿನದಿನಕ್ಕೆ ದುಸ್ಸಾಧ್ಯವಾಯಿತು. ಬೆಂಗಳೂರಿನಲ್ಲಿರುವ ಮಗನು, “ಮಾರಿಬಿಡಿ ಅಪ್ಪಾ, ಆಟೋದಲ್ಲಿ ಓಡಾಡಿ” ಎಂದನು. ಅವನ ಮಾತು ಅಕ್ಕರೆಯದೇ. ಆದರೆ ಸುಮಾರು 15 ಕಿಲೋಮೀಟರು ದೂರದ ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಯಾಕೆಯ ಅಕ್ಕನಿದ್ದಾರೆ. ಅವರು ಹಾಸಿಗೆ ಹಿಡಿದವರು. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವುದು ನಮ್ಮಿಬ್ಬರ ನಿಯಮ. ಯಾರನ್ನೂ ಕಾಯದೆ, ಯಾರಿಗೂ ಹೇಳದೆ, ಮನಸ್ಸು ಬಂದಾಗ ಹೊರಡುವ ಸ್ವಾತಂತ್ರ್ಯವು ಈ ಗಾಡಿಯಿಂದಲೇ ನಮಗೆ ದೊರೆತಿದ್ದಿತು. ಅದನ್ನು ಮಾರುವುದೆಂದರೆ ಆ ಸ್ವಾತಂತ್ರ್ಯವನ್ನೇ ಮಾರಿದಂತೆ. ಹೀಗಿರಲು, ಗಾಡಿಯನ್ನು ಬಿಡುವುದಕ್ಕೆ ಮೊದಲು ಅದರ ಭಾರವನ್ನು ಇಳಿಸಿ ನೋಡೋಣವೆಂದು ನಿಶ್ಚಯಿಸಿದೆವು.

ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತಂಗಿಯ ಮಗನು ಉತ್ಸಾಹದಿಂದ ಒಂದು ಪಟ್ಟಿಯನ್ನೇ ತಂದನು. “ಮಾವ, ಮಡ್‌ಗಾರ್ಡು ಕತ್ತರಿಸೋಣ, ಒಂದು ಸೈಲೆನ್ಸರು ತೆಗೆಯೋಣ, ಚೈನಿನ ಕವಚ ಬೇಡ, ಚಕ್ರಕ್ಕೆ ಅಲ್ಯೂಮಿನಿಯಮ್ ರಿಮ್ಮು ಹಾಕಿಸೋಣ” ಎಂದು ಓದುತ್ತ ಹೋದನು. ನಮಗೆ ವ್ಯಾಕರಣ ಶಾಸ್ತ್ರದ ನೆನಪಾಯಿತು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಪುತ್ರೋತ್ಸವದಷ್ಟು ಸಂತೋಷಪಡುವರೆಂಬ ಪ್ರಸಿದ್ಧಿಯುಂಟು. ಆದರೆ ಅರ್ಥಕ್ಕೆ ಬೇಕಾದ ಒಂದಕ್ಷರವನ್ನೂ ಅವರು ಬಿಡರು. ಬಿಟ್ಟರೆ ಅದು ಲಾಘವವಲ್ಲ, ಲೋಪ. ಗಾಡಿಯಲ್ಲಿಯೂ ಯಾವುದು ಸೂತ್ರದ ಅಕ್ಷರ, ಯಾವುದು ಬರಿಯ ಭಾರ ಎಂಬುದನ್ನು ಮೊದಲು ನಿರ್ಣಯಿಸತಕ್ಕದ್ದು.

ನಮ್ಮ ಬೀದಿಯ ಮೆಕ್ಯಾನಿಕ್ ಸಾಹೇಬರು ಹಳೆಯ ಕೈ. ಅವರು ಪಟ್ಟಿಯನ್ನು ನೋಡದೆಯೇ ಗಾಡಿಯನ್ನು ಎರಡು ಹೆಜ್ಜೆ ತಳ್ಳಿ, “ಮೇಷ್ಟ್ರೇ, ಇದರಲ್ಲಿ ಅರ್ಧ ಭಾರ ಕಬ್ಬಿಣದ್ದಲ್ಲ” ಎಂದರು. ನೋಡಲಾಗಿ ಹಿಂದಿನ ಬ್ರೇಕಿನ ಶೂ ಡ್ರಮ್ಮಿಗೆ ತಗುಲಿಯೇ ತಿರುಗುತ್ತಿದ್ದಿತು. ಟೈರಿನಲ್ಲಿ ಗಾಳಿ ಕಡಿಮೆಯಾಗಿದ್ದಿತು. ಸ್ಟ್ಯಾಂಡಿನ ಕೀಲು ಗ್ರೀಸು ಕಾಣದೆ ಬಿಗಿದಿದ್ದಿತು. ಇವನ್ನು ಸರಿಪಡಿಸಿದ ಮೇಲೆ ತಕ್ಕಡಿಯ ತೂಕವು ತೊಲದಷ್ಟೂ ಕಡಮೆಯಾಗಲಿಲ್ಲ. ತಳ್ಳುವ ಕೈಗೆ ಮಾತ್ರ ಗಾಡಿ ಹಗುರವಾಯಿತು. ಸ್ಟ್ಯಾಂಡು ಹಾಕುವಾಗ ತೋಳಿನಿಂದ ಎಳೆಯದೆ, ನೋವಿಲ್ಲದ ಕಾಲನ್ನು ಸ್ಟ್ಯಾಂಡಿನ ಮೆಟ್ಟಿನ ಮೇಲಿಟ್ಟು ಶರೀರದ ಭಾರವನ್ನೆಲ್ಲ ಅದರ ಮೇಲೆ ಬಿಡಬೇಕೆಂಬ ಯುಕ್ತಿಯನ್ನೂ ಅವರು ತೋರಿಸಿಕೊಟ್ಟರು. ಭಾರವಿಳಿಸಲು ಹೊರಟವರು ಮೊದಲು ಮಾಡತಕ್ಕ ಕೆಲಸ ಇದು, ಖರ್ಚೂ ಅತ್ಯಲ್ಪ.

ಅನಂತರ ನಿಜವಾದ ತೂಕದ ವಿಚಾರ. ನಾವು ಶಾಲೆಯಲ್ಲಿದ್ದಾಗ ಉತ್ತರಪತ್ರಿಕೆಗಳ ಕಟ್ಟುಗಳನ್ನು ಹೊತ್ತ ಕ್ಯಾರಿಯರು ಹಿಂದೆ ಇದ್ದಿತು. ಮಕ್ಕಳ ಪುಸ್ತಕ, ಮನೆಯ ದಿನಸಿ ತಂದ ಕಬ್ಬಿಣದ ಪೆಟ್ಟಿಗೆಗಳೆರಡು ಪಕ್ಕದಲ್ಲಿದ್ದವು. ಶಾಲೆಯಿಂದ ನಿವೃತ್ತರಾದೆವು, ಮಕ್ಕಳು ದೂರವಾದರು. ಹೊರೆಯು ಬದುಕಿನಿಂದ ಇಳಿದರೂ ಗಾಡಿಯಿಂದ ಇಳಿದಿರಲಿಲ್ಲ. ಹಳೆಯ ಸಾಮಾನಿನ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದಾಗ ಕ್ಯಾರಿಯರು 3 ಕಿಲೋ, ಪೆಟ್ಟಿಗೆಗಳು ಒಳಗಿನ ಸಾಮಗ್ರಿಯೊಡನೆ 8 ಕಿಲೋ. ಮುಂದಿದ್ದ ದಪ್ಪ ಸಲಾಕೆಯ ಲೆಗ್ ಗಾರ್ಡನ್ನು ತೆಗೆದು ತೆಳುವಾದುದನ್ನು ಹಾಕಿಸಿದುದರಿಂದ ಮತ್ತೆ 4 ಕಿಲೋ ಉಳಿಯಿತು. ಒಟ್ಟು 15 ಕಿಲೋ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೋವಿನಷ್ಟು ತೂಗುವುದು. ಟ್ಯಾಂಕು ಎತ್ತರದಲ್ಲಿರುವುದರಿಂದ ಆ ತೂಕವು ಗಾಡಿ ವಾಲಿದಾಗ ಕೈಗೆ ಹೆಚ್ಚಾಗಿ ತೋರುವುದು. ಆದುದರಿಂದ ವಾರಕ್ಕೆ ಬೇಕಾದಷ್ಟನ್ನೇ ತುಂಬಿಸುತ್ತೇವೆ. ತಿಂಗಳುಗಟ್ಟಲೆ ಗಾಡಿಯನ್ನು ನಿಲ್ಲಿಸುವವರು ಮಾತ್ರ ಹೀಗೆ ಮಾಡಲಾಗದು; ಬರಿದಾದ ಟ್ಯಾಂಕಿನ ಒಳಗೋಡೆಗೆ ತುಕ್ಕು ಹಿಡಿಯುವುದು.

ಇನ್ನು ಅಳಿಯನ ಪಟ್ಟಿ. ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯು ಬರಿಯ ಹೊಗೆಯ ದಾರಿಯಲ್ಲ. ಅದರಲ್ಲಿ ಮರಳಿ ಬರುವ ಒತ್ತಡದ ಅಲೆಯು ಸಿಲಿಂಡರಿನಿಂದ ಜಾರಿಹೋಗುವ ಹೊಸ ಇಂಧನವನ್ನು ಹಿಂದಕ್ಕೆ ತಳ್ಳುವುದು. ಅದನ್ನು ಕೆಡಿಸಿದರೆ ಸದ್ದು ಹೆಚ್ಚಿ ಶಕ್ತಿ ಕುಂದುವುದು. ಚೈನಿನ ಪೂರ್ಣ ಕವಚವಾದರೋ ಧೂಳನ್ನೂ ಪಂಚೆಯ ಅಂಚನ್ನೂ ಒಟ್ಟಿಗೇ ಕಾಯುವುದು. ರಿಮ್ಮಿನ ಮಾತಿನಲ್ಲಿ ಮಾತ್ರ ಹುಡುಗನು ಛಂದಸ್ಸನ್ನರಿಯದೆಯೇ ಛಂದಸ್ಸನ್ನು ಹೇಳಿದನು. ಗಾಡಿಯ ಉಳಿದೆಡೆಯ ಒಂದು ಕಿಲೋವಿಗೆ ಮುಂದೆ ಸಾಗುವ ಚಲನೆಯೊಂದೇ. ಚಕ್ರದ ಅಂಚಿನ ಕಿಲೋವಿಗೆ ಸಾಗುವುದೂ ತಿರುಗುವುದೂ ಎರಡು. ವೇಗವನ್ನೇರಿಸುವಾಗ ಅದು ಹೆಚ್ಚುಕಡಮೆ ಎರಡು ಕಿಲೋವಿಗೆ ಸಮ. ಅದು ಲಘು, ಇದು ಎರಡು ಮಾತ್ರೆಯ ಗುರು! ಆದರೂ ನಮಗೆ ಬೇಕಾದುದು ವೇಗವಲ್ಲ. ಇರುವ ರಿಮ್ಮುಗಳು ಗಟ್ಟಿಯಾಗಿವೆ. ಬೇಡವೆಂದೆವು.

ಕೊನೆಗೆ ಉಳಿದುದು ಸೀರೆ ಗಾರ್ಡು. ಅಳಿಯನು ಅದರ ತಿರುಪಿಗೆ ಪಾನಾ ಹಚ್ಚಿದಾಗ, ಕಾಫಿ ತಂದ ಮನೆಯಾಕೆಯು, “ಸೀರೆ ಉಟ್ಟು ಹಿಂದೆ ಕೂರುವವಳು ನಾನಿನ್ನೂ ಇದ್ದೇನಪ್ಪಾ” ಎಂದಳು. ಹುಡುಗನು ಪಾನಾ ಕೆಳಗಿಟ್ಟನು. ಶಾಸನವೂ ಆಕೆಯ ಪಕ್ಷವೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂಬದಿಯ ಸವಾರರಿಗೆ ಹಿಡಿ, ಕಾಲುಮೆಟ್ಟು, ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದ ಮರೆ ಇವುಗಳಿರಬೇಕೆಂದು ವಿಧಿಸಿದೆ. 1988ರ ಕಾಯಿದೆಯ 52ನೆಯ ಪ್ರಕರಣವು ನೋಂದಣಿಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ.

ಆದುದರಿಂದ ನಾವು ಒಂದು ನಿಯಮವನ್ನು ಮಾಡಿಕೊಂಡೆವು: ಪಾನಾದಿಂದ ಬಿಚ್ಚಿ ಮತ್ತೆ ಕೂಡಿಸಬಹುದಾದುದನ್ನು ಬಿಚ್ಚಬಹುದು, ಗರಗಸಕ್ಕೆ ಕೆಲಸ ಕೊಡಕೂಡದು. ಹೆತ್ತ ಕಾರ್ಖಾನೆಯೇ ಇಲ್ಲದ ಗಾಡಿಯಲ್ಲಿ ಕತ್ತರಿಸಿದುದನ್ನು ಮರಳಿ ತರುವುದು ಸುಲಭವಲ್ಲ. ಲಂಘನವನ್ನು ವಿಧಿಸುವ ವೈದ್ಯನು ಕೂಡ ರೋಗಿಯ ಬಲವನ್ನು ನೋಡಿಯೇ ವಿಧಿಸುವನಷ್ಟೆ.

ಬಿಚ್ಚಿದ ಪೆಟ್ಟಿಗೆಗಳೂ ಕ್ಯಾರಿಯರೂ ಅಟ್ಟದ ಮೇಲಿವೆ. ಗಾಡಿಯನ್ನು ಈಗ ಒಂದೇ ಪ್ರಯತ್ನಕ್ಕೆ ಸ್ಟ್ಯಾಂಡಿನ ಮೇಲೆ ಹಾಕುತ್ತೇವೆ. ಇನ್ನೆಷ್ಟು ವರ್ಷ ಸಾಧ್ಯವೋ ಬಲ್ಲವರಾರು? ಈ ಭಾನುವಾರವಂತೂ ಅಕ್ಕನವರಿಗೆ ಹುಳಿಯನ್ನ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಡುವುದೆಂದು ಗೊತ್ತಾಗಿದೆ.