ವೀಣೆಯ ಮೇಣ

ಶ್ರಾವಕನ ವ್ರತವು ಊಟದ ಎಲೆಯ ಮುಂದೆ ಮಾತ್ರ ಪರೀಕ್ಷೆಗೊಳಗಾಗುತ್ತದೆಂದು ಭಾವಿಸುವುದು ಸರಿಯಲ್ಲ. ಊಟಕ್ಕೆ ಯಾವ ಸಂಬಂಧವೂ ಇಲ್ಲದ ವಸ್ತುವೊಂದು ಎದುರಾದಾಗಲೇ ಅದರ ಆಳ ತಿಳಿಯುತ್ತದೆ. ಕ್ಯಾತ್ಸಂದ್ರದ ಒಂದು ಜೈನ ಕುಟುಂಬದಲ್ಲಿ ಅಂತಹ ಪರೀಕ್ಷೆಗೆ ನಿಮಿತ್ತವಾದದ್ದು ಒಂದು ಹಳೆಯ ವೀಣೆ.

ಆ ಮನೆಯ ಯಜಮಾನರು ತುಮಕೂರಿನ ಮಂಡಿಯಲ್ಲಿ ಬಹುಕಾಲ ವ್ಯಾಪಾರ ಮಾಡಿದವರು. ಅವರ ತಾಯಿ ಎಂಬತ್ತು ದಾಟಿದ ವೃದ್ಧೆ. ಆಕೆ ತವರಿನಿಂದ ತಂದಿದ್ದ ವೀಣೆ ಮೂವತ್ತು ವರ್ಷಗಳಿಂದ ಅಟ್ಟದ ಮೇಲಿತ್ತು. ಮರಿಮಗಳು ಸಂಗೀತ ಪಾಠಕ್ಕೆ ಸೇರಿದಾಗ ಅದನ್ನು ಕೆಳಗಿಳಿಸಿದರು. ಹಲಸಿನ ಮರದ ಕೊಡ ಗಟ್ಟಿಯಾಗಿಯೇ ಇತ್ತು. ಆದರೆ ಬಿರಡೆಗಳು ಜಾರುತ್ತಿದ್ದವು, ತಂತಿಗಳು ತುಕ್ಕು ಹಿಡಿದಿದ್ದವು, ಕುದುರೆಯ ಮೇಲಿನ ಲೋಹದ ತಗಡಿನಲ್ಲಿ ತಂತಿ ಕೊರೆದ ಗೀರುಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ದಂಡಿಯ ಮೇಲಿನ 24 ಮೆಟ್ಟುಗಳನ್ನು ಹಿಡಿದಿದ್ದ ಕಪ್ಪು ಮೇಣ ಒಣಗಿ ಬಿರುಕುಬಿಟ್ಟು, ಕೆಲವು ಮೆಟ್ಟುಗಳು ಮುಟ್ಟಿದರೆ ಕೈಗೇ ಬರುತ್ತಿದ್ದವು.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆಯ ತಯಾರಿಕೆಗೆ ಹೆಸರಾದ ಹಳ್ಳಿ. ಅಲ್ಲಿ ಕೆಲಸ ಕಲಿತ ಕುಶಲಕರ್ಮಿಯೊಬ್ಬರನ್ನು ಯಜಮಾನರು ಕರೆಸಿದರು. ಸಿತಾರಿನ ಮೆಟ್ಟುಗಳನ್ನು ದಾರದಿಂದ ಕಟ್ಟುತ್ತಾರೆ. ವೀಣೆಯ ಮೆಟ್ಟುಗಳನ್ನಾದರೋ ಮೇಣದಲ್ಲಿ ಕೂರಿಸುತ್ತಾರೆ. ಮೇಣ ಬೆಚ್ಚಗಿರುವಾಗಲೇ ಒಂದೊಂದು ಸ್ವರವನ್ನೂ ಕಿವಿಯಿಂದ ಅಳೆದು ಮೆಟ್ಟನ್ನು ಅದರ ಸ್ಥಾನದಲ್ಲಿ ನಿಲ್ಲಿಸಬೇಕು. ಇದಕ್ಕೆ ಮೇಳ ಕಟ್ಟುವುದೆಂದು ಹೆಸರು. ಆ ಮೇಣವೆಂದರೆ ಜೇನುಮೇಣಕ್ಕೆ ಇದ್ದಿಲಿನ ಪುಡಿಯನ್ನೋ ದೀಪದ ಮಸಿಯನ್ನೋ ಬೆರೆಸಿ ನಾದಿದ್ದು.

ಜೇನುಮೇಣವೆಂಬ ಮಾತು ಕಿವಿಗೆ ಬಿದ್ದೊಡನೆ ವೃದ್ಧೆಯ ಮುಖ ಬಾಡಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮದ್ಯ ಮಾಂಸಗಳೊಡನೆ ಮಧುವಿನ ತ್ಯಾಗವನ್ನೂ ಮೂಲಗುಣಗಳಲ್ಲಿ ಎಣಿಸಿದೆ. ಬಾಲ್ಯದಿಂದ ಜೇನುತುಪ್ಪವನ್ನು ನಾಲಿಗೆಗೆ ಸೋಕಿಸದ ಆಕೆ, ಜೇನುಗೂಡನ್ನು ಕರಗಿಸಿ ಮಾಡಿದ ಮೇಣದ ಮೇಲೆ ಅಷ್ಟು ವರ್ಷ ಬೆರಳಾಡಿಸಿದ್ದರು.

ಯಜಮಾನರು ಸಮಾಧಾನ ಹೇಳಿದರು: “ಅಮ್ಮ, ಇದು ತಿನ್ನುವ ವಸ್ತುವಲ್ಲ. ಈಗ ಪೆಟ್ಟಿಗೆಯಲ್ಲಿ ಜೇನು ಸಾಕುವವರು ಹುಳು ಸಾಯದಂತೆ ಮೇಣ ತೆಗೆಯುತ್ತಾರಂತೆ.”

“ಅಂಗಡಿಯಲ್ಲಿ ಕೊಟ್ಟ ಮೇಣ ಪೆಟ್ಟಿಗೆಯದೋ, ಹೊಗೆ ಹಾಕಿ ಕಿತ್ತ ಹೆಜ್ಜೇನಿನದೋ, ನಿನಗೆ ಹೇಗೆ ತಿಳಿಯುತ್ತದಪ್ಪ?” ಎಂದರು ತಾಯಿ.

ಮಂಡಿಯಲ್ಲಿ ಮಾಲಿನ ಮೂಲ ವಿಚಾರಿಸದೆ ತಕ್ಕಡಿಗೆ ಹಾಕದಿದ್ದ ಮಗನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಪೆಟ್ರೋಲಿಯಂನಿಂದ ಬರುವ ಮೇಣದಲ್ಲಿ ಕಟ್ಟಿ ನೋಡೋಣವೆಂದು ಯಜಮಾನರು ಸೂಚಿಸಿದರು. ಅದು ನಿಲ್ಲಲಾರದೆಂದು ಕುಶಲಕರ್ಮಿ ಮೊದಲೇ ಎಚ್ಚರಿಸಿದರೂ, ಮನೆಯವರ ಮಾತಿಗೆ ಒಪ್ಪಿ ಕಟ್ಟಿಕೊಟ್ಟರು. ಚೈತ್ರದ ಬಿಸಿಲಿಗೆ ಆ ಮೇಣ ಮೆತ್ತಗಾಗಿ, ಒತ್ತಿದ ಕಡೆ ಮೆಟ್ಟುಗಳು ಕುಸಿದು, ಸ್ವರಗಳು ಸ್ಥಾನ ತಪ್ಪಿದವು. ಪರೀಕ್ಷೆ ತಮ್ಮದು, ಆದ್ದರಿಂದ ನಷ್ಟವೂ ತಮ್ಮದೇ ಎಂದು ಯಜಮಾನರು ಆ ದಿನಗಳ ಕೂಲಿಯನ್ನು ಪೂರ್ತಿಯಾಗಿ ಕೊಟ್ಟರು. ತಮ್ಮ ಅಹಿಂಸೆಯ ವೆಚ್ಚವನ್ನು ಬಡ ಕುಶಲಕರ್ಮಿಯ ಲೆಕ್ಕಕ್ಕೆ ಬರೆಯುವುದು ಇನ್ನೊಂದು ಬಗೆಯ ಹಿಂಸೆಯೇ ಆಗುತ್ತಿತ್ತು.

ಕೊನೆಗೆ ದಾರಿ ತೋರಿದವರು ವೃದ್ಧೆಯೇ. “ಕಿತ್ತ ಹಳೆಯ ಮೇಣವನ್ನು ಏನು ಮಾಡಿದಿರಿ?” ಎಂದು ಕೇಳಿದರು. ಅದು ಡಬ್ಬಿಯಲ್ಲಿ ಹಾಗೆಯೇ ಇತ್ತು. ಕುಶಲಕರ್ಮಿ ಅದನ್ನು ಕರಗಿಸಿ, ಸೋಸಿ, ರಾಳದ ಪುಡಿ ಬೆರೆಸಿ ಹದ ಮಾಡಿದರು. ಪ್ರಮಾಣ ಸಾಲದೆ ಬಂದಾಗ ಮೇಣದ ಕಟ್ಟೆಯ ಒಳಗೆ ತೆಳುವಾದ ಮರದ ಪಟ್ಟಿಗಳನ್ನಿಟ್ಟು, ಮೇಲಿನ ಪದರಕ್ಕೆ ಮಾತ್ರ ಮೇಣ ಬಳಸಿದರು. ಈ ಸಲ ಮೆಟ್ಟುಗಳು ನಿಂತವು.

“ಹಳೆಯದೂ ಜೇನಿನದೇ ಅಲ್ಲವೇ?” ಎಂದು ಮಗ ಕೇಳಿದಾಗ ಆಕೆ ನುಣುಚಿಕೊಳ್ಳಲಿಲ್ಲ. “ಹೌದು. ಆ ಪಾಪ ಇಲ್ಲವೆನ್ನಲಾರೆ; ಪ್ರತಿಕ್ರಮಣ ಮಾಡಿಕೊಳ್ಳುತ್ತೇನೆ. ಅರಿಯದೆ ಆದದ್ದು ಒಂದು, ಅರಿತ ಮೇಲೆ ಹೊಸದಾಗಿ ತರಿಸುವುದು ಇನ್ನೊಂದು.” ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ ಕೊಟ್ಟಿರುವ ಸ್ಥಾನವನ್ನು ಬಲ್ಲವರಿಗೆ ಈ ವಿವೇಕದ ಬೆಲೆ ತಿಳಿಯದಿರದು.

ಕ್ಯಾತ್ಸಂದ್ರಕ್ಕೆ ಸಮೀಪದಲ್ಲೇ ಬಸದಿ ಬೆಟ್ಟವೆನಿಸಿದ ಮಂದರಗಿರಿಯಿದೆ. ಅದರ ತಪ್ಪಲಲ್ಲಿ ಪಿಂಛಿಯ ಆಕಾರದ ಗುರುಮಂದಿರವಿದೆ. ಮುನಿಗಳ ಪಿಂಛಿ ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದದ್ದು, ಕಿತ್ತುಕೊಂಡದ್ದಲ್ಲ. ಆ ಅಳತೆಗೋಲಿನಲ್ಲಿ ಅಳೆದರೆ ಈ ವೀಣೆ ಪೂರ್ಣ ನಿರ್ದೋಷವಲ್ಲವೆಂದು ಆ ಮನೆಯವರೇ ಒಪ್ಪುತ್ತಾರೆ. ಗೃಹಸ್ಥನ ಅಹಿಂಸೆ ಅಣುವ್ರತ. ಅದು ಸಣ್ಣದೆಂಬುದು ಮರೆಯಲು ಕಾರಣವಾಗಬಾರದು, ಬಿಡಲೂ ಕಾರಣವಾಗಬಾರದು.

ಮೇಣ ಮತ್ತೆ ಒಣಗುತ್ತದೆ. ಕೆಲವು ವರ್ಷಗಳಲ್ಲಿ ಮತ್ತೆ ಮೇಳ ಕಟ್ಟಿಸಬೇಕಾಗುತ್ತದೆ. ಆಗ ನಿರ್ಧರಿಸಬೇಕಾದವಳು ಮರಿಮಗಳು. ಆದ್ದರಿಂದ ವೃದ್ಧೆ ಆಕೆಗೆ ಸರಳೆ ವರಸೆಗಳನ್ನು ಹೇಳಿಕೊಡುವ ಮೊದಲು, ಆ ಕಪ್ಪು ಕಟ್ಟೆಯನ್ನು ಮುಟ್ಟಿಸಿ, ಅದು ಎಲ್ಲಿಂದ ಬಂದದ್ದೆಂದು ತಿಳಿಸಿದರು. ಹುಡುಗಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ತಂತಿ ಮೀಟಿದಳು.