ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ?

ನಾನೂ ನನ್ನ ಗಂಡನೂ ಎರಡು ವರ್ಷದಿಂದ 34 ಅಡಿಯ ಹಾಯಿದೋಣಿಯಲ್ಲಿ ವಾಸ. ಸದ್ಯದ ವಿಳಾಸ ಕೊಚ್ಚಿಯ ಬೋಲ್ಗಾಟಿ ದ್ವೀಪದ ಮರೀನಾ. ಡಚ್ಚರು 1744ರಲ್ಲಿ ಕಟ್ಟಿದ ಅರಮನೆ ಇರೋ ದ್ವೀಪ ಅದು. ಮರೀನಾ ಅಂದ್ರೆ ದೋಣಿಗಳ ಪಾರ್ಕಿಂಗ್ ಜಾಗ ಅಂದ್ಕೊಳ್ಳಿ. ಇಬ್ಬರದೂ ಲ್ಯಾಪ್‌ಟಾಪ್ ಕೆಲಸ, ನೆಟ್ ಇದ್ದರೆ ಸಾಕು. ಫೋಟೊದಲ್ಲಿ ಸೂರ್ಯಾಸ್ತ ನೋಡಿ ಫ್ರೆಂಡ್ಸ್ ಎಲ್ಲ ‘ಲಕ್ಕಿ ಕಣೇ ನೀನು’ ಅಂತಾರೆ.

ಬಳ್ಳಾರಿ ಕಂಟೋನ್ಮೆಂಟಿನ ನಮ್ಮನೆಯಲ್ಲಿ ಕಥೆ ಬೇರೆ. ಯಾರಾದ್ರೂ ‘ಮಗಳು ಎಲ್ಲಿ ಇದಾಳ?’ ಅಂತ ಕೇಳಿದ್ರೆ ಅಪ್ಪ ‘ಕೊಚ್ಚಿಯಾಗ’ ಅಂದು ಪೇಪರ್ ಮಡಚ್ತಾರೆ. ‘ಮನಿ ಮಾಡ್ಯಾರೇನು?’ ಅಂತ ಎರಡನೇ ಪ್ರಶ್ನೆ ಬಂತೋ, ಅಮ್ಮ ಚಹಾ ಇಡೋಕೆ ಒಳಗೆ ಹೋಗ್ತಾಳೆ. ಮಗಳಿಗೆ ಮನೆ ಇಲ್ಲ ಅನ್ನೋದು ಅವಳ ಬಾಯಿಂದ ಬರಲ್ಲ, ಇದೆ ಅನ್ನೋದೂ ಬರಲ್ಲ.

ಈ ಸಂಕ್ರಾಂತಿ ಮುಗಿದ ಮೇಲೆ ಇಬ್ಬರೂ ಮೊದಲ ಸಲ ಬರ್ತಿದ್ದಾರೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಎರ್ನಾಕುಲಂ, ಆಮೇಲೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ. ಜೂನ್‌ನಲ್ಲಿ ಮುಂಗಾರು ಬಂದ್ರೆ ಇಲ್ಲಿನ ಸಮುದ್ರ ಯಾರ ಮಾತೂ ಕೇಳಲ್ಲ. ಜನವರಿಯಲ್ಲಿ ಸಾಧು.

ಅಪ್ಪನ ಭಯ ಒಂದೇ: ‘ಮಗುಚಿದ್ರ?’ ದೋಣಿಯ ಬುಡದಲ್ಲಿ ಎರಡು ಟನ್ ಕಬ್ಬಿಣ ಇರ್ತದೆ, ಗಾಳಿಗೆ ವಾಲಿದ್ರೂ ತಂಜಾವೂರು ಗೊಂಬೆ ಥರ ಎದ್ದು ಕೂತ್ಕೊಳ್ತದೆ ಅಂತ ವಿವರಿಸಿದೆ. ಕಬ್ಬಿಣ ಅಂದ ಕೂಡಲೇ ನಮ್ಮೂರಿನವರಿಗೆ ಸ್ವಲ್ಪ ನಂಬಿಕೆ. ಇನ್ನಷ್ಟು ಧೈರ್ಯ ಬರಲಿ ಅಂತ ಐಎನ್‌ಎಸ್‌ವಿ ತಾರಿಣಿ ಬಗ್ಗೆ ಹೇಳಿದೆ. ನೌಕಾಪಡೆಯ ಆರು ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2018ರ ಮೇನಲ್ಲಿ ವಾಪಸ್ ಬಂದ್ರು, ಅದೂ 56 ಅಡಿಯ ಹಾಯಿದೋಣಿಯಲ್ಲಿ. ಅಪ್ಪ ಎಲ್ಲಾ ಕೇಳಿ, ‘ಅವರದು ಸರ್ಕಾರಿ ನೌಕರಿ’ ಅಂದ್ರು.

ನಮ್ಮ ತಯಾರಿ ನಡೀತಿದೆ. ಮುಂದಿನ ಕ್ಯಾಬಿನ್ನಿನಲ್ಲಿ ತುಂಬಿದ್ದ ಹಗ್ಗ, ಹಳೇ ಹಾಯಿ ಎಲ್ಲ ಖಾಲಿ ಮಾಡಿ ಹಾಸಿಗೆ ಹಾಕಿದ್ದೀವಿ. ಅಪ್ಪನ ಮಂಡಿನೋವಿಗೆ ಅಂತ ಹತ್ತೋ ಕಡೆ ಒಂದು ಮರದ ಮೆಟ್ಟಿಲು, ಹಿಡ್ಕೊಳ್ಳೋಕೆ ಹಗ್ಗ. ಇಲ್ಲಿ ಕಟ್ಟೆಯೂ ತೇಲುತ್ತೆ, ಹಾಗಾಗಿ ಉಬ್ಬರ ಇಳಿತಕ್ಕೆ ದೋಣಿ, ಕಟ್ಟೆ ಎರಡೂ ಒಟ್ಟಿಗೇ ಏರಿಳೀತವೆ. ಮೆಟ್ಟಿಲಿನ ಎತ್ತರ ಬದಲಾಗಲ್ಲ. ಅಡುಗೆ ಆದ ಕೂಡಲೇ ಸಿಲಿಂಡರ್ ವಾಲ್ವ್ ಬಂದ್ ಮಾಡಬೇಕು ಅಂತ ಅಮ್ಮನಿಗೆ ಈಗ್ಲೇ ಹೇಳಿದ್ದೀನಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗಿಳಿದು ದೋಣಿಯ ತಳದಲ್ಲೇ ನಿಲ್ಲುತ್ತೆ. ಸಿರುಗುಪ್ಪದ ಅಕ್ಕಿ 25 ಕೆಜಿ ತರೋದು ಬೇಡ ಅಂತಾನೂ ಹೇಳಿದ್ದೀನಿ. ಅದು ಮಾತ್ರ ಬಂದೇ ಬರುತ್ತೆ.

ಅಮ್ಮ ಮಾತ್ರ ಇಷ್ಟು ದಿನ ಏನೂ ಕೇಳಿರಲಿಲ್ಲ. ಕುರುಗೋಡು ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿದ್ದೀನಿ ಅಂದಿದ್ದೇ ಜಾಸ್ತಿ. ಮೊನ್ನೆ ರಾತ್ರಿ ಫೋನಿನಲ್ಲಿ ಒಮ್ಮೆಲೇ ಕೇಳಿದ್ಳು: ‘ಅಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ?’

ಸುತ್ತ ನೀರೇ ಇರೋ ಜಾಗಕ್ಕೆ ಕೇಳೋ ಪ್ರಶ್ನೆಯಾ ಅಂತ ಗಂಡ ನಕ್ಕ. ಅವನು ಮಂಗಳೂರಿನವನು, ಬಾವಿ ಮನೆ. ನನಗೆ ನಗು ಬರಲಿಲ್ಲ. ಅಲ್ಲೀಪುರ ಕೆರೆ ತುಂಬಿದ್ರೂ ನಮ್ಮ ನಲ್ಲಿಗೆ ನೀರು ಬರ್ತಿದ್ದದ್ದು ಎಷ್ಟೋ ದಿನಕ್ಕೊಮ್ಮೆ. ‘ನೀರು ಬಿಟ್ಟಾರ!’ ಅಂದ್ರೆ ನಡುರಾತ್ರಿಯಲ್ಲೂ ಡ್ರಮ್ಮು, ಕೊಡ, ಕೊನೆಗೆ ಕುಕ್ಕರ್ ಕೂಡ ತುಂಬಿಸ್ತಿದ್ವಿ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಬಚ್ಚಲಿಗೆ. ಅಮ್ಮ ಇದನ್ನ ಪಾಠ ಅಂತ ಹೇಳಿಕೊಟ್ಟವಳಲ್ಲ, ಮಾಡ್ತಿದ್ಳು, ನೋಡ್ತಿದ್ವಿ.

ನಮ್ಮ ದೋಣಿಯ ಟ್ಯಾಂಕು 200 ಲೀಟರ್. ಮರೀನಾದಲ್ಲಿ ಪೈಪ್ ಇದೆ, ಸಮುದ್ರದ ಮೇಲೆ ಇಲ್ಲ. ಗೋವಾದಿಂದ ಇಳಿದು ಬಂದಾಗ ಪಾತ್ರೆ ಉಪ್ಪುನೀರಲ್ಲಿ ಉಜ್ಜಿ, ಕೊನೆಗೊಂದು ಲೋಟ ಸಿಹಿನೀರಲ್ಲಿ ಅದ್ದಿ ತೆಗೀತಿದ್ದೆ. ಐದು ದಿನ, ಇಬ್ಬರು, 70 ಲೀಟರ್. ಗಂಡ ಯಾವ ಯೂಟ್ಯೂಬ್ ಚಾನೆಲ್ ನೋಡಿ ಕಲಿತೆ ಅಂದ. ಕಂಟೋನ್ಮೆಂಟ್ ಅಂದೆ.

ಇದನ್ನೆಲ್ಲ ಮೊನ್ನೆ ಅಮ್ಮನಿಗೆ ಹೇಳಿದೆ. ಅವರು ಬಂದಾಗ ಎರಡು ರಾತ್ರಿ ಮರೀನಾ ಬಿಟ್ಟು ಹಿನ್ನೀರಿನಲ್ಲಿ ಲಂಗರು ಹಾಕೋ ಆಸೆ ಇದೆ, ನಾಲ್ಕು ಜನಕ್ಕೆ ಇಷ್ಟೇ ನೀರು ಅಂತಾನೂ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೆಕ್ಕ ಹಾಕ್ತಿದ್ಳು.

‘200 ಲೀಟರ್ ಅಂದ್ರ ನಾಕು ಮಂದಿಗೆ ಒಂದು ವಾರ ಆಗ್ತಾವ ಬಿಡು. ನಾ ಬಂದು ನೋಡ್ಕೊಂತೀನಿ. ನಿಮ್ಮ ಮನ್ಯಾಗ ದೊಡ್ಡ ತಂಬಿಗಿ ಇದ್ರ ಮೊದ್ಲ ಒಳಗ ಇಡು, ಸಣ್ಣದು ಸಾಕು’ ಅಂದ್ಳು.

ನಿಮ್ಮ ಮನ್ಯಾಗ, ಅಂದ್ಳು.